ಮೂರು ಮುಚ್ಚಳ ಪುಡಿ

ಪುಡಿ ಬಂದದ್ದು ಹೆಸರಿಲ್ಲದ ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ. ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಿತ್ತು, ಅಳತೆಗೆಂದು ಒಂದು ಕೆಂಪು ಮುಚ್ಚಳವೂ ಜೊತೆಗಿತ್ತು. ಗಂಡ ಅದನ್ನು ಹಿಂದಿನ ಸಂಜೆ ಕಾರ್ಖಾನೆಯಿಂದ ತಂದು, ಎಳೆಗೂಸನ್ನು ಮಲಗಿಸುವಷ್ಟು ಜೋಪಾನವಾಗಿ ಊಟದ ಮೇಜಿನ ಮೇಲೆ ಇಟ್ಟಿದ್ದ. ಅವನಿಗೆ ಬಟ್ಟೆ ಒಗೆಯುವ ಪುಡಿ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಮಿಶ್ರಣದ ವಿಭಾಗದ ಉಸ್ತುವಾರಿ.

"ಹೊಸ ಮಾಲು. ಅಂಗಡಿಗೆ ಬಿಡೋಕೆ ಮುಂಚೆ ನಮ್ಮ ನಮ್ಮ ಮನೇಲಿ ಒಗೆದು ನೋಡಿ ಹೇಳ್ಬೇಕಂತೆ," ಎಂದ. "ಒಂದೇ ಮುಚ್ಚಳ ಹಾಕು. ನಾಳೆ ಮಧ್ಯಾಹ್ನದ ಹೊತ್ತಿಗೆ ಹೇಗಿದೆ ಅಂತ ನಂಗೆ ಫೋನ್ ಮಾಡು."

"ನಾಳೆ ನಾನು ಕೆಲಸಕ್ಕೆ ಹೋಗ್ತೀನಲ್ಲ ರೀ."

"ಹೋಗು. ಯಾರು ಬೇಡ ಅಂದ್ರು? ಹೋಗೋಕೆ ಮುಂಚೆ ಮಷೀನಿಗೆ ಹಾಕಿದ್ರಾಯ್ತು."

ನಿಜ, ಆ ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಅವಳು ಮೊದಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದಲ್ಲಿದ್ದವಳು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ನೋಡಿಕೊಳ್ಳಲೆಂದು ಬಿಟ್ಟಳು. ಅತ್ತೆಯ ಸೊಂಟ ಸರಿಹೋಯಿತು. ಬಿಟ್ಟ ಕೆಲಸ ಮಾತ್ರ ವಾಪಸು ಬರಲಿಲ್ಲ. ಆ ಅಂಗಡಿಯೂ ಮುಚ್ಚಿತು. ಈಗ ಬೇರೊಂದು ಅಂಗಡಿಯ ಯಜಮಾನಿ ಅವಳ ಕೈಯಲ್ಲಿ ಒಂದು ಗಾಜು ಉಜ್ಜಿಸಿ ನೋಡಿ, ಕಣ್ಣು ಕಿರಿದು ಮಾಡಿ ಅಂಚು ಪರೀಕ್ಷಿಸಿ, ಹೇಳಿದ್ದಳು: "ಕೈ ಮರೆತಿಲ್ಲ. ಸೋಮವಾರ ಹನ್ನೊಂದಕ್ಕೆ ಷಟರ್ ಎತ್ತೋವಾಗ ನೀನಿದ್ರೆ ಕೆಲಸ ನಿಂದು. ಇನ್ನೊಬ್ಬಳೂ ಕೇಳ್ಕೊಂಡು ಹೋಗಿದಾಳೆ. ನಂಗೆ ಕಾಯೋ ಅಭ್ಯಾಸ ಇಲ್ಲಮ್ಮ, ಸಂಸಾರಸ್ಥರ ಕತೆ ಕೇಳೋ ಅಭ್ಯಾಸವೂ ಇಲ್ಲ."

ಇದನ್ನು ಅವಳು ಮನೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಮಾವ ಪೇಪರಿನಿಂದ ತಲೆ ಎತ್ತದೆ, "ಹೋಗಮ್ಮ, ನಂದೇನೂ ಅಡ್ಡಿ ಇಲ್ಲ. ಬೆಳಿಗ್ಗೆ ಬಾಗಿಲು ತೆಗೀತೀನಿ, ಸಂಜೆ ಬಾಗಿಲು ತೆಗೀತೀನಿ," ಎಂದಿದ್ದರು. ಮೇಜು ಒರೆಸುತ್ತಿದ್ದ ಅತ್ತೆ, ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದ್ದರು.

ಬಾಗಿಲಿನ ವಿಷಯ ಹೇಳಬೇಕು. ಮನೆ ಮೂರನೇ ಮಹಡಿಯಲ್ಲಿತ್ತು. ಎಲ್ಲ ಕಿಟಕಿಗಳಿಗೂ ಸರಳು, ಮರದ ಮುಂಬಾಗಿಲಿನ ಹೊರಗೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಒಳಗಿನಿಂದ ಅಂಗೈ ತುಂಬುವ ಹಿತ್ತಾಳೆ ಬೀಗ. ಅದಕ್ಕೆ ಇದ್ದದ್ದು ಒಂದೇ ಕೀಲಿ. ಅದು ಇರುತ್ತಿದ್ದದ್ದು ಮಾವನ ಅಂಗಿಯ ಜೇಬಿನಲ್ಲಿ, ಒಂದು ಪುಟ್ಟ ಬಾಚಣಿಗೆ ಮತ್ತು ಮೋಟು ಪೆನ್ಸಿಲಿನ ಜೊತೆ. ತಲೆಯಲ್ಲಿ ಬಾಚಲು ಏನೂ ಉಳಿಯದೆ ಬಹಳ ಕಾಲವಾಗಿತ್ತು, ಆದರೂ ಬಾಚಣಿಗೆ ಜೇಬು ಬಿಟ್ಟಿರಲಿಲ್ಲ. ಮಾವ ಸರಕಿನ ಗೋದಾಮೊಂದರ ಮೇಲ್ವಿಚಾರಕರಾಗಿ ನಿವೃತ್ತರಾದವರು. ಕಟ್ಟಡದ ಮಕ್ಕಳೆಲ್ಲ ಅವರನ್ನು ಗೋದಾಮು ತಾತ ಎಂದೇ ಕರೆಯುತ್ತಿದ್ದವು. ನೌಕರಿಯಲ್ಲಿದ್ದಾಗ ಒಮ್ಮೆ ಗೋದಾಮಿನಿಂದ ಸಕ್ಕರೆ ಮೂಟೆಗಳು ಕಾಣೆಯಾದವು. ಬೀಗಕ್ಕೆ ಎರಡು ಕೀಲಿ ಇದ್ದವು, ಒಂದು ಇವರ ಹತ್ತಿರವಿತ್ತು. ಅಷ್ಟಕ್ಕೇ ಇವರನ್ನು ಅಮಾನತಿನಲ್ಲಿಟ್ಟರು. ಇನ್ನೊಂದು ಕೀಲಿಯವನು ಸಿಕ್ಕಿಬಿದ್ದ ಮೇಲೆ ವಾಪಸು ಕರೆದರು. ಅಂದಿನಿಂದ ಮಾವನದು ಒಂದೇ ಮಾತು: ಒಂದು ಬೀಗ, ಒಂದು ಕೀಲಿ, ಒಬ್ಬ ಮನುಷ್ಯ. ಆ ಒಬ್ಬ ಮನುಷ್ಯ ಯಾರು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಸೊಸೆ "ತರಕಾರಿ ತರ್ಬೇಕು ಮಾವ" ಎಂದರೆ ಮರುಮಾತಿಲ್ಲದೆ ಎದ್ದು ತೆಗೆಯುತ್ತಿದ್ದರು. "ಅತ್ತೆಗೆ ಮಾತ್ರೆ ಮುಗಿದಿದೆ, ಇಬ್ಬರೂ ಹೋಗಿ ಬರ್ತೀವಿ" ಎಂದರೂ ತೆಗೆಯುತ್ತಿದ್ದರು. ಅವರು ಕೆಟ್ಟವರಲ್ಲ. ತೆಗೆಯುವವರು ತಾವೇ ಆಗಿರಬೇಕು, ಅಷ್ಟೇ.

ಸೋಮವಾರ ಬೆಳಿಗ್ಗೆ ಗಂಡ ಕಾರ್ಖಾನೆಗೆ ಹೊರಟ. ಮಾವ ಅವನ ಹಿಂದೆ ಗ್ರಿಲ್ ಎಳೆದು ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಕೀಲಿಯನ್ನು ಜೇಬಿಗಿಳಿಸಿದರು. ಅವಳು ಅಡುಗೆ ಮುಗಿಸಿ, ತನ್ನ ಊಟದ ಡಬ್ಬಿ ಕಟ್ಟಿ, ಅಡುಗೆಮನೆಯ ಹಿಂದಿನ ಇಕ್ಕಟ್ಟಾದ ಒಗೆಯುವ ಜಾಗಕ್ಕೆ ಹೋದಳು. ಮೊದಲ ದಿನವೇ ಮನೆಗೆಲಸ ಬಿಟ್ಟು ಹೋದಳು ಎಂಬ ಮಾತು ಬರಬಾರದು ಎಂದು ಎಲ್ಲವನ್ನೂ ಮುಗಿಸಿಯೇ ಹೊರಡುವ ಹಟ. ಮಷೀನು ಮುಂದಿನಿಂದ ಬಟ್ಟೆ ಹಾಕುವಂಥದ್ದು, ದುಂಡನೆಯ ಗಾಜಿನ ಬಾಗಿಲಿನದು. ಅದರ ಖಾನೆಗೆ ಒಂದು ಮುಚ್ಚಳ ಪುಡಿ ಹಾಕಿ, "ಅತ್ತೆ, ಪುಡಿ ಹಾಕಿದೀನಿ. ಬಟ್ಟೆ ತುಂಬಿ ಗುಂಡಿ ಒತ್ಬಿಡಿ, ನಾನು ಸ್ನಾನ ಮಾಡಿ ಬರ್ತೀನಿ," ಎಂದು ಕೂಗಿ ಹೋದಳು.

ಸ್ನಾನ ಮುಗಿಸಿ, ಇಸ್ತ್ರಿ ಮಾಡಿಟ್ಟಿದ್ದ ಬಟ್ಟೆ ಉಟ್ಟು, ತಲೆ ಬಾಚುತ್ತಿದ್ದಾಗ ಮಷೀನಿನ ಸದ್ದು ಬದಲಾದದ್ದು ಕೇಳಿಸಿತು. ಗಡಗಡ ತಿರುಗಬೇಕಾದದ್ದು ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದ ಹಾಗೆ ಗುಳುಗುಳು ಎನ್ನುತ್ತಿತ್ತು. ಹೋಗಿ ನೋಡಿದರೆ ಗಾಜಿನ ಹಿಂದೆ ಬಟ್ಟೆಯೇ ಇಲ್ಲ. ಬರೀ ಬಿಳುಪು. ನೊರೆ ಗಾಜಿಗೆ ಒತ್ತಿಕೊಂಡು ನಿಂತಿತ್ತು, ಮೇಲಿನ ಪುಡಿಯ ಖಾನೆಯ ಸಂದಿಯಿಂದಲೂ ಉಕ್ಕಿ ಸುರಿಯುತ್ತಿತ್ತು. ಮಷೀನು ಹಿಂಡಲು ಒಮ್ಮೆ ಹವಣಿಸಿತು, ನಿಂತಿತು, ಮತ್ತೆ ಹವಣಿಸಿತು. ಆಮೇಲೆ ಬೀಗದ ಗುರುತಿನ ಕೆಂಪು ದೀಪ ಮಿಣುಕಿಸುತ್ತಾ ಸುಮ್ಮನಾಯಿತು.

"ಅತ್ತೆ, ಪುಡಿ ಎಷ್ಟು ಹಾಕಿದ್ರಿ?"

ಅತ್ತೆ ನೆಲ ಒರೆಸುವ ಬಟ್ಟೆ ಹಿಡಿದು ಆಗಲೇ ಕುಕ್ಕುರುಗಾಲಲ್ಲಿ ಕೂತಿದ್ದರು. "ಒಂದೇ ಮುಚ್ಚಳ. ಇವರ ಅಂಗಿ ಕಾಲರ್ ಎಷ್ಟು ಕೊಳೆ ಆಗಿತ್ತು ಗೊತ್ತಾ?"

"ನಾನು ಹಾಕಿದೀನಿ ಅಂತ ಹೇಳಿದ್ನಲ್ಲ?"

"ನಿನ್ನ ಕೈ ಸಣ್ಣದು ಕಣಮ್ಮ."

ಬನಿಯನ್ನಿನಲ್ಲಿದ್ದ ಮಾವ ಬಾಗಿಲಿಗೆ ಬಂದು ನಿಂತರು. "ಏನು, ನೀವಿಬ್ಬರೂ ಹಾಕಿದ್ರಾ? ನಾನೂ ಒಂದು ಮುಚ್ಚಳ ಹಾಕಿದೆ."

"ನೀವ್ಯಾಕೆ ಮಾವ?"

"ಪರೀಕ್ಷೆ ಅಂದ್ಮೇಲೆ ಅಳತೆ ಸರಿಯಾಗಿರ್ಬೇಕಲ್ಲ. ನೀವು ಹಾಕಿದ್ದನ್ನ ನಾನು ಕಣ್ಣಾರೆ ನೋಡಿರ್ಲಿಲ್ಲ."

ಆ ಮನೆಯ ಪದ್ಧತಿಯೇ ಅದು. ಒಬ್ಬರ ಕೈ ಮೇಲೆ ಇನ್ನೊಬ್ಬರಿಗೆ ಭರವಸೆಯಿಲ್ಲ. ಗ್ಯಾಸು ಆರಿಸಿದ್ದನ್ನು ಮೂವರೂ ನೋಡುತ್ತಿದ್ದರು. ಅಡುಗೆಗೆ ಉಪ್ಪನ್ನು ಮೂವರೂ ಹಾಕಿಬಿಟ್ಟ ದಿನಗಳಿದ್ದವು. ಅಂದು ಗಂಡ ಒಬ್ಬನೇ ಗೊಣಗುತ್ತಿದ್ದ, ಉಳಿದವರು ತಾವು ಹಾಕಿದ್ದು ಗೊತ್ತಾಗಬಾರದೆಂದು ನೀರು ಕುಡಿದುಕೊಂಡು ಊಟ ಮುಗಿಸುತ್ತಿದ್ದರು.

"ಆಯ್ತು, ಸಂಜೆ ಬಂದು ನೋಡ್ತೀನಿ," ಎಂದಳು ಅವಳು. ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಕೈಯಲ್ಲಿ ಇನ್ನೂ ಒಂದು ಗಂಟೆಯಿತ್ತು. "ಮಾವ, ಬಾಗಿಲು."

ಮಾವ ಅಭ್ಯಾಸಬಲದಿಂದ ಎದೆಗೆ ಕೈ ಹಾಕಿದರು. ಕೈಗೆ ಬನಿಯನ್ನು ಸಿಕ್ಕಿತು. ಅವರು ಕೆಳಗೆ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಒಗೆಯುವ ಜಾಗದ ಕಡೆ ನೋಡಿದರು.

"ಅಂಗಿ," ಎಂದರು.

ಬೇರೇನೂ ಹೇಳಬೇಕಾಗಿರಲಿಲ್ಲ.

ಮೂವರೂ ಮಷೀನಿನ ಮುಂದೆ ಹೋಗಿ ನಿಂತರು. ಅವಳು ಹಿಡಿಕೆ ಎಳೆದಳು. ಬರಲಿಲ್ಲ. ಮಾವ ಎಳೆದರು. ಸ್ವಿಚ್ಚು ಆರಿಸಿ, ಕಾದು, ಮತ್ತೆ ಹಾಕಿದರು. ನೀರು ಒಳಗಿರುವ ತನಕ ಈ ಬಾಗಿಲು ತೆರೆಯುವುದಿಲ್ಲ; ನೊರೆ ತುಂಬಿದ ಪಂಪಿಗೆ ನೀರು ಎಳೆಯಲು ಆಗುವುದಿಲ್ಲ. ಮನೆಗೆ ಬೀಗ, ಬೀಗದ ಕೀಲಿ ಅಂಗಿಯಲ್ಲಿ, ಅಂಗಿ ಮಷೀನಿನಲ್ಲಿ, ಮಷೀನಿಗೆ ಬೀಗ.

ಅವಳು ಗಂಡನಿಗೆ ಫೋನ್ ಮಾಡಿದಳು. ಹಿಂದೆ ಕಾರ್ಖಾನೆಯ ಸದ್ದು ಭೋರ್ಗರೆಯುತ್ತಿತ್ತು.

"ಹಾಂ, ಹೇಳು, ಹೇಗಿದೆ? ನೊರೆ ಬಂತಾ?"

"ಬಂತು. ಖಾನೆಯಿಂದ ಹೊರಗೆ ಬರ್ತಿದೆ. ಮಷೀನು ನಿಂತೋಗಿದೆ."

"ಮಷೀನಾ? ಅಯ್ಯೋ, ಅದು ಬಕೆಟ್ಟಲ್ಲಿ ನೆನೆಹಾಕಿ ಕೈಯಲ್ಲಿ ಒಗೆಯೋ ಪುಡಿ ಕಣೆ. ನೊರೆ ಜಾಸ್ತಿ ಬರ್ಲಿ ಅಂತಾನೇ ಮಾಡಿರೋದು."

"ಮಷೀನಿಗೆ ಹಾಕು ಅಂದಿದ್ದು ನೀವೇ!"

"ಅಂದ್ನಾ? ಮಾತಿಗೆ ಅಂದಿರ್ಬೇಕು. ಎಷ್ಟು ಹಾಕಿದೆ, ಒಂದೇ ಮುಚ್ಚಳ ತಾನೆ?"

"ರೀ, ಮಾವನ ಕೀಲಿ ಒಳಗೆ ಸಿಕ್ಕೊಂಡಿದೆ. ನಾನು ಹೊರಗೆ ಹೋಗೋ ಹಾಗಿಲ್ಲ."

ಆ ಕಡೆಯಿಂದ ನಗು. ಕೆಟ್ಟ ನಗುವಲ್ಲ, ಮನೆಯ ಪುರಾಣ ಗೊತ್ತಿರುವವನ ನಗು. "ಹೋಗ್ಲಿ ಬಿಡು, ನಾಳೆಯಿಂದ ಹೋದ್ರಾಯ್ತು. ಅವರಿಗೊಂದು ಫೋನ್ ಮಾಡಿ ಹೇಳ್ಬಿಡು."

ಏನೆಂದು ಹೇಳುವುದು? ಮಾವನ ಕೀಲಿ ಮಷೀನಿನಲ್ಲಿ ಒಗೆದುಹೋಗುತ್ತಿದೆ, ಆದ್ದರಿಂದ ಬರಲಾಗುವುದಿಲ್ಲ ಎಂದೇ? ಸಂಸಾರಸ್ಥರ ಕತೆ ಎಂದು ಆ ಯಜಮಾನಿ ಯಾವುದನ್ನು ಕರೆದಿದ್ದಳೋ ಇದು ಅದೇ. ಸುಳ್ಳಾದರೂ ಇದಕ್ಕಿಂತ ನಂಬುವ ಹಾಗಿರುತ್ತಿತ್ತು. ಅವಳು ಫೋನ್ ಇಟ್ಟಳು.

"ಮಾವ, ಎದುರುಮನೆ ಟೈಲರನ್ನ ಕೂಗೋಣ. ಬೀಗ ರಿಪೇರಿಯವನನ್ನ ಕರ್ಕೊಂಡು ಬರ್ತಾರೆ. ಸರಳಿನ ಸಂದೀಲಿ ಕೈ ಹಾಕಿ ಒಡೆದ್ರೆ..."

"ಒಡೆಯೋದಾ?" ಮಾವನಿಗೆ ಬೀಗವನ್ನಲ್ಲ, ತಮ್ಮನ್ನೇ ಒಡೆಯುತ್ತೇವೆ ಎಂದಂತೆ ನೋವಾಯಿತು. "ಯಾವನೋ ಬಂದು ನನ್ನ ಬೀಗ ಬಿಚ್ಚಿ ನೋಡ್ಲಾ? ನೋಡ್ದೋನು ನಾಳೆ ಇನ್ನೊಂದು ಕೀಲಿ ಮಾಡ್ಕೊಳಲ್ವಾ? ಇದು ಆಗ್ದ ಮಾತು. ನೊರೆ ತಾನಾಗೇ ಇಳಿಯುತ್ತೆ, ಕಾಯೋಣ."

"ನಾನು ಹನ್ನೊಂದಕ್ಕೆ ಅಲ್ಲಿರ್ಬೇಕು ಮಾವ."

"ಗೊತ್ತಮ್ಮ. ನಾನೇನು ಬೇಡ ಅಂದ್ನಾ?"

ಅವಳು ಗ್ರಿಲ್ಲಿನ ಹತ್ತಿರ ಹೋಗಿ ನಿಂತಳು. ಸರಳುಗಳ ಆಚೆ ಮೆಟ್ಟಿಲು ಕೆಳಗೆ ಇಳಿದು ತಿರುಗಿ ಕಣ್ಮರೆಯಾಗುತ್ತಿತ್ತು. ಯಾರದೋ ಮನೆಯ ರೇಡಿಯೋ, ಯಾರೋ ಸೈಕಲ್ ಇಳಿಸುವ ಧಡ ಧಡ. ಎಲ್ಲ ಕೈಗೆಟಕುವಷ್ಟು ಹತ್ತಿರ. ಬೀಗವನ್ನು ಹಿಡಿದು ಎತ್ತಿ ನೋಡಿದಳು. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿದ್ದು ಇದೇ ಮೊದಲು. ತಣ್ಣಗೆ, ಭಾರವಾಗಿ ಅಂಗೈಯಲ್ಲಿ ಕೂತಿತು. ಕಪ್ಪೆಯನ್ನು ಹಿಡಿದ ಹಾಗನ್ನಿಸಿ ಬಿಟ್ಟಳು.

ಆಮೇಲೆ ಚೀಲ ಇಳಿಸಿ, ಚಪ್ಪಲಿ ಬಿಟ್ಟು, ಬಟ್ಟೆಯ ತುದಿ ಸೊಂಟಕ್ಕೆ ಸಿಕ್ಕಿಸಿ ಹಿಂದಕ್ಕೆ ಹೋದಳು.

ಮಷೀನಿನ ಕೆಳತುದಿಯಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಅದರ ಹಿಂದೆ ಬೆರಳು ಗಾತ್ರದ ರಬ್ಬರ್ ಕೊಳವೆ. ಮಷೀನು ಕೆಟ್ಟಾಗ ನೀರು ಬಸಿಯುವುದಕ್ಕೆ ಅದು ಇದೆಯೆಂದು ಹಿಂದೊಮ್ಮೆ ರಿಪೇರಿಯವನು ತೋರಿಸಿದ್ದ. ಸ್ವಿಚ್ಚು ಆರಿಸಿ, ಸೌಟಿನ ಹಿಡಿಯಿಂದ ಮೀಟಿ ಮುಚ್ಚಳ ತೆಗೆದು, ಕೊಳವೆ ಎಳೆದು ಬಿರಡೆ ಕಿತ್ತಳು. ಕೊಳವೆ ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಬಕೆಟ್ ಹಿಡಿಯುವ ಹಾಗಿರಲಿಲ್ಲ. ಹಿಟ್ಟು ಕಲಸುವ ತಟ್ಟೆ ಹಿಡಿದಳು. ತಟ್ಟೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತುಂಬುತ್ತಿತ್ತು. ಅತ್ತೆ ಎತ್ತಿ ಮೋರಿಗೆ ಚೆಲ್ಲುವಷ್ಟರಲ್ಲಿ ಅರ್ಧ ನೆಲದ ಪಾಲಾಗುತ್ತಿತ್ತು. ನೀರು ಹೋಗುತ್ತಿತ್ತು, ನೊರೆ ಹೋಗುತ್ತಿರಲಿಲ್ಲ. ಅದು ಪಾದದ ಮೇಲೇರಿ, ಅಡುಗೆಮನೆಯ ಹೊಸ್ತಿಲು ದಾಟಿ, ಹಜಾರದ ಕಡೆ ತೆವಳತೊಡಗಿತು. ಆ ಮನೆಯ ನೆಲದ ವಾಟವೇ ತಲೆಕೆಳಗು. ಕಟ್ಟಿದವನ ತಪ್ಪಿನಿಂದ ಹಿಂದೆ ಚೆಲ್ಲಿದ್ದೆಲ್ಲ ಮೋರಿಗೆ ಹೋಗದೆ ಮುಂಬಾಗಿಲಿಗೆ ಬರುತ್ತಿತ್ತು. ಅತ್ತೆಯ ಅರ್ಧ ಆಯುಷ್ಯ ಅದನ್ನು ಹಿಂಬಾಲಿಸಿ ಒರೆಸುವುದರಲ್ಲೇ ಹೋಗಿತ್ತು.

"ಉಪ್ಪು ಹಾಕಿದ್ರೆ ನೊರೆ ಸಾಯುತ್ತಂತೆ," ಎಂದರು ಮಾವ, ಕಾಲು ಎತ್ತಿ ಎತ್ತಿ ಇಡುತ್ತಾ.

"ಯಾರೂ ಏನೂ ಹಾಕ್ಬೇಡಿ!" ಎಂದಳು ಅವಳು. ಅಷ್ಟು ಜೋರಾಗಿ ಅವಳು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು.

ಕೊಳವೆಯ ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ಅವಳು ಸ್ವಿಚ್ಚು ಹಾಕಿ ಆರಿಸಿ ಕಾದಳು. ಒಳಗೆಲ್ಲೋ ಟಕ್ ಎಂದಿತು. ಹಿಡಿಕೆ ಎಳೆದಾಗ ಬಾಗಿಲು ತೆರೆದುಕೊಂಡು, ನೊರೆಯ ಒಂದು ದೊಡ್ಡ ತಲೆದಿಂಬು ಅವಳ ಮಡಿಲಿಗೆ ಬಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆಯ ಕತೆ ಮುಗಿಯಿತು.

ಮಾವ ಮಂಡಿಯೂರಿದರು. ಬಟ್ಟೆಗಳನ್ನು ಒಂದೊಂದಾಗಿ ಎಳೆದರು. ಲುಂಗಿ, ದಿಂಬಿನ ಚೀಲ, ಗಂಡನ ಕಾರ್ಖಾನೆಯ ಪ್ಯಾಂಟು. ಕೊನೆಗೆ ಅಂಗಿ ಸಿಕ್ಕಿತು. ಜೇಬಿಗೆ ಕೈ ಹಾಕಿದರು. ನೊರೆ ಬಂತು. ಅಂಗಿಯನ್ನು ಹಿಂಡಿದರು, ಕೊಡವಿದರು. ಮಷೀನಿನ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ ತಡಕಿದರು.

"ಇಲ್ಲ."

"ಪಂಪಿನ ಜಾಲರೀಲಿ ಇರ್ಬಹುದು," ಎಂದು ಅವಳು ಕೆಳಗಿನ ತಿರುಪು ಬಿಚ್ಚಿದಳು. ಒಂದು ಗುಂಡಿ, ಸ್ವಲ್ಪ ನೂಲಿನ ಕಸ. ಕೀಲಿ ಇಲ್ಲ.

ಮಾವ ಎದ್ದು ನಿಂತರು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದಲ್ಲಿ ಅವಳು ಹಿಂದೆಂದೂ ಕಾಣದ ಒಂದು ಗಾಬರಿ ಇತ್ತು. ಮತ್ತೊಮ್ಮೆ ಮೂಟೆಗಳು ಕಾಣೆಯಾದ ಹಾಗೆ. "ಬೀಗಕ್ಕೇ ಸಿಕ್ಕಿಸಿ ಬಿಟ್ನಾ?" ಎಂದು ಗೊಣಗುತ್ತಾ, ಗ್ರಿಲ್ಲಿನ ಕಡೆ ಹೋದರು. ಅವರು ಅದನ್ನು ಜಗ್ಗಿ ನೋಡುವ ಸದ್ದು ಹಜಾರದಿಂದ ಕೇಳಿಸಿತು.

ಅವಳು ಹಾಗೇ ಒದ್ದೆ ನೆಲದಲ್ಲಿ ಕೂತಿದ್ದಳು. ಕಣ್ಣು ತನ್ನ ಪಾಡಿಗೆ ಮೇಲೆ ಹೋಯಿತು. ಕಿಟಕಿಯ ಕಟ್ಟೆಯ ಮೇಲೆ ಕೆಂಪು ಮುಚ್ಚಳ. ಅದರ ಪಕ್ಕದಲ್ಲಿ ಮೋಟು ಪೆನ್ಸಿಲು. ಪೆನ್ಸಿಲಿನ ಪಕ್ಕದಲ್ಲಿ ಪುಟ್ಟ ಬಾಚಣಿಗೆ. ಎರಡೂ ಒಣಗಿದ್ದವು.

ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು: ಜೇಬು ನೋಡದೆ ಬಟ್ಟೆ ನೀರಿಗೆ ಹಾಕಬೇಡ. ಅತ್ತೆ ಜ್ವರದಲ್ಲಿ ನಡುಗುತ್ತಿದ್ದಾಗಲೂ ಜೇಬು ತಡವದೆ ಒಂದು ಅಂಗಿ ನೆನೆಹಾಕಿದವರಲ್ಲ. ಬಾಚಣಿಗೆ ತೆಗೆದವರು, ಪೆನ್ಸಿಲು ತೆಗೆದವರು, ಅವೆರಡಕ್ಕಿಂತ ಭಾರವಾದದ್ದನ್ನು ಬಿಟ್ಟಿರುತ್ತಾರೆಯೇ?

ಅತ್ತೆ ನೆಲ ಒರೆಸುತ್ತಲೇ ಇದ್ದರು. ಒರೆಸಿದ ಜಾಗವನ್ನೇ.

"ಅತ್ತೆ," ಎಂದಳು ಮೆಲ್ಲಗೆ. "ಎಲ್ಲಿಟ್ಟಿದ್ದೀರಿ?"

ಅತ್ತೆಯ ಕೈ ನಿಂತಿತು. ತಲೆ ಎತ್ತಲಿಲ್ಲ.

"ನಾನು ಹನ್ನೊಂದಕ್ಕೆ ಹೋಗ್ದಿದ್ರೆ ಕೆಲಸ ಹೋಗುತ್ತೆ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ?"

"ಗೊತ್ತಿದ್ದಿದ್ದಕ್ಕೇ," ಎಂದರು ಅತ್ತೆ. ದನಿ ಎಷ್ಟು ಸಣ್ಣದಿತ್ತೆಂದರೆ ನೊರೆ ಒಡೆಯುವ ಚಿಟಚಿಟದಲ್ಲಿ ಮುಚ್ಚಿಹೋಗುವಂತಿತ್ತು. "ಮಷೀನು ಹೀಗೆ ಕೆಡುತ್ತೆ ಅಂತ ನಾನೇನು ಕನಸು ಕಂಡಿದ್ನಾ? ಜೇಬು ನೋಡ್ದೆ, ಸಿಕ್ತು. ಕೈಯಲ್ಲಿತ್ತು. ಇವತ್ತೊಂದು ದಿನ ಸಿಗದೇ ಇದ್ರೆ ಅಂತ ಅನ್ನಿಸ್ತು. ಅಷ್ಟೇ."

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅಳುವೂ ಬಂತು, ಅದನ್ನು ನುಂಗಿದಳು. "ನಾನೇನು ಮಾಡಿದ್ದೆ ಅತ್ತೆ ನಿಮಗೆ? ಕೆಲಸ ಬಿಟ್ಟಿದ್ದೇ ನಿಮಗೋಸ್ಕರ."

"ನೀನು ಹೋದ್ರೆ ಬಾಗಿಲು ತೆಗೀರಿ ಅಂತ ಕೇಳೋರ್ಯಾರು?"

"ನೀವೇ ಕೇಳಿ."

"ನೀನು ಕೇಳಿದ್ರೆ ತೆಗೀತಾರೆ. ನಾನು ಕೇಳಿದ್ರೆ 'ಯಾಕೆ' ಅಂತಾರೆ. ಬೈಯಲ್ಲ, ಹೊಡೆಯಲ್ಲ, ಬರೀ 'ಯಾಕೆ' ಅಂತಾರೆ." ಅತ್ತೆ ಬಟ್ಟೆಯನ್ನು ಹಿಂಡಿದರು, ಅದರಲ್ಲಿ ಹಿಂಡಲು ಏನೂ ಉಳಿಯದಿದ್ದರೂ. "ನನ್ನ ಹತ್ರ ಆ ಯಾಕೆಗೆ ಉತ್ತರ ಇರಲ್ಲಮ್ಮ. ಸುಮ್ನೆ ಕೆಳಗಿಳಿದು ನಿಂತ್ಕೋಬೇಕು ಅನ್ಸುತ್ತೆ, ಅಷ್ಟೇ. ಅದನ್ನ ಹೇಗೆ ಹೇಳೋದು? ನೀನಿದ್ರೆ ತರಕಾರಿ ಇರುತ್ತೆ, ಮಾತ್ರೆ ಇರುತ್ತೆ, ಏನಾದ್ರೂ ಒಂದು ಇರುತ್ತೆ."

ಹಜಾರದಲ್ಲಿ ಬೀಗ ಮತ್ತೊಮ್ಮೆ ಜಗ್ಗಿದ ಸದ್ದು.

ವಾರದಲ್ಲಿ ಎರಡು ಸಲ ಖಾಲಿಯಾಗುತ್ತಿದ್ದ ಅತ್ತೆಯ ಮಾತ್ರೆಗಳು ಅವಳಿಗೆ ನೆನಪಾದವು. ತರಕಾರಿ ಅಂಗಡಿಯಲ್ಲಿ ಏನನ್ನೂ ಕೊಳ್ಳದೆ ಬದಿಯಲ್ಲಿ ನಿಂತು, ಬೀದಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡುತ್ತಿದ್ದ ಅತ್ತೆ. ಬಿಸಿಲಿಗೆ ಬೇಗ ಸುಸ್ತಾಗುತ್ತದೆಂದು ಅವಳು ಅಂದುಕೊಂಡಿದ್ದಳು.

ಅತ್ತೆ ಗಲ್ಲದಿಂದ ತೋರಿಸಿದರು. "ಪುಡಿ ಚೀಲದಲ್ಲಿದೆ."

ಅವಳು ಚೀಲದೊಳಗೆ ಕೈ ಹಾಕಿದಳು. ಪುಡಿ ಮೊಣಕೈ ತನಕ ಬಂತು. ತಳದಲ್ಲಿ ಕೀಲಿ ಸಿಕ್ಕಿತು. ಹಲ್ಲುಗಳ ಸಂದಿಯೆಲ್ಲ ನೀಲಿ ಬಿಳಿ ಹರಳು. ಅವಳ ಒದ್ದೆ ಕೈಯಲ್ಲಿ ಅದು ಆಗಲೇ ಜಾರತೊಡಗಿತ್ತು.

ಮಾವ ಗ್ರಿಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವಳು ಕೀಲಿ ಹಿಡಿದು ಬಂದದ್ದು ನೋಡಿ ಅವರ ಇಡೀ ಮೈ ಹಗುರಾಯಿತು.

"ಸಿಕ್ತಾ? ಎಲ್ಲಿತ್ತು?"

ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು.

"ನೊರೇಲಿತ್ತು ಮಾವ."

ಮಾವ ಕೈ ಚಾಚಿದರು. ಅವಳು ಕೊಡಲಿಲ್ಲ. ಅವರ ಪಕ್ಕದಿಂದ ಕೈ ತೂರಿಸಿ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದಳು. ಪುಡಿ ಒಳಗೆ ಕರಕರ ಎಂದಿತು, ಬಿಗಿಯಾಯಿತು, ಆಮೇಲೆ ತೆರೆಯಿತು. ಬೀಗವನ್ನು ಕೊಂಡಿಯಿಂದ ಬಿಡಿಸಿಕೊಂಡಳು. ಗ್ರಿಲ್ ಸರಿಸಿದಳು.

ಮಾವನ ಕೈ ಇನ್ನೂ ಚಾಚಿಯೇ ಇತ್ತು. "ಕೊಡಮ್ಮ."

ಕೊಟ್ಟರೆ ಮುಗಿಯಿತು. ಅವಳು ಮೆಟ್ಟಿಲಿಳಿಯುವ ಮೊದಲೇ ಹಿಂದೆ ಬೀಗ ಬೀಳುತ್ತದೆ, ಒಮ್ಮೆ ಜಗ್ಗಿ ನೋಡುವ ಸದ್ದು ಬರುತ್ತದೆ. ಅವಳು ಹನ್ನೊಂದಕ್ಕೆ ಅಂಗಡಿಯಲ್ಲಿರುತ್ತಾಳೆ. ಅತ್ತೆ ಸಂಜೆಯ ತನಕ ಇಲ್ಲಿರುತ್ತಾರೆ. ನಾಳೆಯೂ.

"ಇದರೊಳಗೆ ಪುಡಿ ಹೋಗಿದೆ ಮಾವ," ಎಂದಳು. ಯೋಚಿಸಿ ಹೇಳಿದ ಮಾತಲ್ಲ, ಬಾಯಿಗೆ ಬಂದ ಮಾತು. "ಕರಕರ ಅಂದಿದ್ದು ಕೇಳಿಸ್ತಲ್ಲ? ಹೀಗೇ ಹಾಕಿದ್ರೆ ಒಳಗೆ ಅಂಟಿಕೊಂಡು ಬೀಗ ಜಾಮ್ ಆಗುತ್ತೆ. ಆಮೇಲೆ ಒಡೆಯೋದೇ ಗತಿ. ಅಂಗಡೀಲಿ ಸಣ್ಣ ಬ್ರಷ್ಷಿದೆ, ಎಣ್ಣೆ ಇದೆ. ಶುಚಿ ಮಾಡಿ ತರ್ತೀನಿ."

ಒಡೆಯುವುದು ಎಂಬ ಮಾತು ಕೇಳಿ ಮಾವನ ಮುಖ ಇನ್ನೊಮ್ಮೆ ನೊಂದಿತು. ಅವರು ಬೀಗವನ್ನು ನೋಡಿದರು, ತೆರೆದ ಗ್ರಿಲ್ಲನ್ನು ನೋಡಿದರು. ಬೀಗ ಕೆಡುವುದಾ, ಬಾಗಿಲು ತೆರೆದಿರುವುದಾ? ಗೋದಾಮಿನ ಯಾವ ನಿಯಮದಲ್ಲೂ ಇದಕ್ಕೆ ಉತ್ತರವಿರಲಿಲ್ಲ.

"ಎರಡನ್ನೂ ತಗೊಂಡು ಹೋಗ್ತೀಯಾ?"

"ಕೀಲಿಗೂ ಮೆತ್ತಿದೆಯಲ್ಲ."

"ಯಾರ ಕೈಗೂ ಕೊಡ್ಬೇಡ," ಎಂದರು ಕೊನೆಗೆ. ಒಳಗಿನಿಂದ ಒಂದು ಕುರ್ಚಿ ಎಳೆದು ತಂದು, ಹೊಸ್ತಿಲಿಗೆ ಅಡ್ಡವಾಗಿ ಹಾಕಿ, ಬನಿಯನ್ನಿನಲ್ಲೇ ಕೂತರು. ಬೀಗವಿಲ್ಲದಿದ್ದರೇನು, ಕಾವಲಿಗೆ ತಾವಿದ್ದೇವಲ್ಲ ಎಂಬಂತೆ. "ಸಂಜೆ ತನಕ ನಾನಿಲ್ಲೇ ಇರ್ತೀನಿ. ಒಂದು ಹುಳ ಒಳಗೆ ಬರಲ್ಲ."

ಹುಳ ಹೊರಗೂ ಹೋಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಮಾವನ ಕುರ್ಚಿಯ ಆಚೆ, ಹಜಾರದ ನಡುವೆ, ಅತ್ತೆ ಬಟ್ಟೆ ಹಿಡಿದು ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳ ಸಿಟ್ಟು ಇಳಿದಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿ, ಒದ್ದೆ ಬಟ್ಟೆಯಲ್ಲೇ, ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಬೀಗ ತುರುಕಿಕೊಂಡು ಮೆಟ್ಟಿಲಿಳಿದಳು.

ಎರಡನೇ ಮಹಡಿಯ ತಿರುವಿನಲ್ಲಿದ್ದಾಗ ಮೇಲಿನಿಂದ ಎದುರುಮನೆ ಟೈಲರಿನ ದನಿ ಕೇಳಿಸಿತು. "ಏನ್ ಸಾರ್ ಇದು, ನಿಮ್ಮ ಮನೆ ನೊರೆ ನಮ್ಮ ಬಾಗಿಲಿಗೆ ಬಂದಿದೆ! ಬಟ್ಟೆ ಒಗೀತಿದೀರೋ, ಕಟ್ಟಡಾನೇ ಒಗೀತಿದೀರೋ?"

ಅವಳು ಕತ್ತೆತ್ತಿ ಮೇಲೆ ನೋಡಿದಳು. ವಾಟ ತಪ್ಪಿದ ನೆಲದ ಮೇಲೆ ಹರಿದು ಬಂದ ನೊರೆ, ಮಾವನ ಕುರ್ಚಿಯ ಕಾಲುಗಳ ನಡುವೆ ನುಸುಳಿ, ಹೊಸ್ತಿಲು ದಾಟಿ, ಮೆಟ್ಟಿಲಿನ ಅಂಚಿಗೆ ಬಂದು ನಿಂತಿತ್ತು.

ಆಮೇಲೆ ಅತ್ತೆಯ ದನಿ. ಅಡುಗೆಮನೆಯಲ್ಲಿ ಕೇಳಿದ ದನಿಯಲ್ಲ. ನೆಲ ಗಲೀಜಾದಾಗ ಮಾತ್ರ ಬರುವ ದನಿ.

"ಕಾಲೆತ್ತಿ."

"ಏನು?"

"ಕಾಲೆತ್ತಿ ಅಂದೆ. ಒರೆಸ್ಬೇಕು."

ಮಾವ 'ಯಾಕೆ' ಎನ್ನಲಿಲ್ಲ. ಕಾರಣ ಕಣ್ಣೆದುರಿಗೇ ಇತ್ತಲ್ಲ. ಕಾಲೆತ್ತಿದರು. ಕುರ್ಚಿಯೂ ಸ್ವಲ್ಪ ಪಕ್ಕಕ್ಕೆ ಜರುಗಿತು. ಅತ್ತೆ ಬಗ್ಗಿ ಹೊಸ್ತಿಲು ಒರೆಸಿದರು, ಹೊಸ್ತಿಲಾಚೆಯ ಕಲ್ಲು ಒರೆಸಿದರು, ಟೈಲರಿನ ಬಾಗಿಲ ಮುಂದೆ ಒರೆಸಿದರು. ಆಮೇಲೆ ಮೊದಲ ಮೆಟ್ಟಿಲು. ಬಟ್ಟೆ ಹಿಂಡಲು ನೆಟ್ಟಗಾದಾಗ ಕೆಳಗೆ ನೋಡಿದರು. ಸೊಸೆ ಕಾಣಿಸಿದಳು. ಅತ್ತೆ ನಗಲಿಲ್ಲ. ಕೈ ಬೀಸಿ, ಹೋಗು, ಹೊತ್ತಾಯ್ತು ಎಂಬಂತೆ ಸನ್ನೆ ಮಾಡಿ, ಎರಡನೆಯ ಮೆಟ್ಟಿಲಿಗೆ ಇಳಿದರು.

ಬಸ್ಸು ಇಳಿದು ಅವಳು ಓಡಿದಳು. ಯಜಮಾನಿ ಆಗಷ್ಟೇ ಷಟರಿನ ಬೀಗಕ್ಕೆ ಬಗ್ಗಿದ್ದಳು. ತಿರುಗಿ ಇವಳ ಒದ್ದೆ ಬಟ್ಟೆ, ತೋಳಿನ ಮೇಲೆ ಒಣಗಿದ ಬಿಳಿ ಪುಡಿ ಎಲ್ಲ ನೋಡಿದಳು. ಕತೆ ಕೇಳುವ ಅಭ್ಯಾಸವಿಲ್ಲದವಳು, ಕೇಳಲಿಲ್ಲ. "ಕೈ ತೊಳ್ಕೊಂಡು ಕೂತ್ಕೋ. ಗಾಜಿಗೆ ಪುಡಿ ತಗಲೀತು," ಎಂದಳು, ಅಷ್ಟೇ.

ಕೈ ತೊಳೆದಷ್ಟೂ ನೊರೆ ಬಂತು.

ಬೆಂಚಿನ ಮೇಲೆ ಸಣ್ಣ ತಿರುಪುಳಿಗಳು, ಬ್ರಷ್ಷುಗಳು, ಎಣ್ಣೆಯ ಶೀಸೆ ಎಲ್ಲ ಸಾಲಾಗಿದ್ದವು. ಅವಳು ಚೀಲದಿಂದ ಬೀಗ ತೆಗೆದಿಟ್ಟಾಗ ಯಜಮಾನಿ ಹುಬ್ಬೇರಿಸಿದಳು.

"ಇದೇನು, ಕನ್ನಡಕದಂಗಡಿಗೆ ಬೀಗ?"

"ನಮ್ಮ ಮಾವಂದು. ಒಳಗೆ ಪುಡಿ ಹೋಗಿದೆ. ಬಿಡುವಾದಾಗ ಶುಚಿ ಮಾಡ್ಲಾ?"

"ಮಾಡ್ಕೋ. ಎಷ್ಟು ಹೊತ್ತಿನ ಕೆಲಸ?"

ಅವಳು ಬೀಗವನ್ನು ದೀಪದ ಕೆಳಗೆ ಹೊರಳಿಸಿದಳು. ಕೀಲಿಯ ತೂತಿನ ಬಾಯಲ್ಲಿ ಒಂದು ಚಿಟಿಕೆ ಹರಳು ಅಂಟಿಕೊಂಡಿತ್ತು. ಜೋರಾಗಿ ಒಮ್ಮೆ ಊದಿದರೆ ಹೋಗುವಷ್ಟು. ಸಂಜೆ ಮಾವ ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ, ಅವಳು ಮೆಟ್ಟಿಲು ಹತ್ತಿದ ಕೂಡಲೇ ಕೈ ಚಾಚುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಅತ್ತೆ ಈಗ ಎಷ್ಟನೇ ಮೆಟ್ಟಿಲಲ್ಲಿದ್ದಾರೋ, ಕೆಳಗಿಳಿದು ನಿಂತರೋ, ಒರೆಸಿ ಮುಗಿಸಿ ಒಳಗೆ ಹೋದರೋ, ಅದು ಗೊತ್ತಿರಲಿಲ್ಲ.

"ನಿಧಾನದ ಕೆಲಸ ಮೇಡಂ," ಎಂದಳು. "ಇವತ್ತಿಗೆ ಮುಗಿಯಲ್ಲ."

ಬೀಗವನ್ನೂ ಕೀಲಿಯನ್ನೂ ಬೆಂಚಿನ ಕೆಳಗಿನ ಡ್ರಾಯರಿನ ಹಿಂತುದಿಗೆ ತಳ್ಳಿ, ಮೊದಲ ಗಾಜನ್ನು ಕೈಗೆತ್ತಿಕೊಂಡಳು.